ಹಿಮಕೋಣೆಗೆ ಮುನ್ನ ಓದಬೇಕಾದ ಫಲಕಗಳು

ವಿಜ್ಞಾನ ಸಂಗ್ರಹಾಲಯದ ಭೇಟಿಯನ್ನು ವರ್ಣಿಸಲು ಬೇಕಾದ ಪಾಂಡಿತ್ಯ ನನ್ನಲ್ಲಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ್ದರಿಂದ ನನ್ನ ಬರಹವನ್ನು ತಿದ್ದುವ ಹಿರಿಯರು ಮನೆಯಲ್ಲಿರಲಿಲ್ಲ. ನಿರೂಪಣೆಯಲ್ಲಿ ಕೊರತೆ ಕಂಡರೆ ಓದುಗರು ಮನ್ನಿಸಬೇಕಾಗಿ ವಿನಂತಿ.

ನಾವಿರುವುದು ಜಪಾನಿನ ನಗೋಯಾದಲ್ಲಿ, ಕಾರುಗಳಿಗೆ ತಂತ್ರಾಂಶ ಬರೆಯುವುದು ನನ್ನ ಉದ್ಯೋಗ. ಎರಡನೇ ತರಗತಿಯಲ್ಲಿರುವ ಮಗಳಿಗೆ ಸಂಗ್ರಹಾಲಯದ ಹಿಮಕೋಣೆಯೊಳಗೆ ಹೋಗಬೇಕೆಂಬ ಹಂಬಲ. ಧ್ರುವಪ್ರದೇಶದ ಚಳಿಯನ್ನು ಅಲ್ಲಿ ಸೃಷ್ಟಿಸಿದ್ದಾರೆ. ತರಗತಿಯಲ್ಲಿ ಅದನ್ನು ನೋಡದವಳು ತಾನೊಬ್ಬಳೇ ಎಂಬುದು ಅವಳ ಅಳಲು. ಪ್ರವೇಶಕ್ಕೆ ಸರದಿ ಚೀಟಿ ಬೇಕು. ಅವು ಬೇಗ ಮುಗಿಯುತ್ತವೆ.

ಆದರೆ ಸಿದ್ಧಾಂತ ತಿಳಿಯದೆ ಚಳಿಯನ್ನು ಅನುಭವಿಸುವುದು ಅಶಿಸ್ತು ಎಂಬುದು ನನ್ನ ನಿಲುವು. ನಾನು ಓದಿದ ಕಾಲೇಜಿನಲ್ಲಿ ಉಪಕರಣಗಳು ಗಾಜಿನ ಬೀರುವಿನಲ್ಲಿ ಬೀಗದೊಳಗಿರುತ್ತಿದ್ದವು. ಉದ್ದೇಶ, ವಿಧಾನ, ಫಲಿತಾಂಶಗಳನ್ನು ಅಚ್ಚುಕಟ್ಟಾಗಿ ಬರೆದು ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಪ್ರಯೋಗವೊಂದನ್ನು ಮಾತ್ರ ಮಾಡುತ್ತಿರಲಿಲ್ಲ. ಆ ಪರಂಪರೆಗೆ ಚ್ಯುತಿ ಬಾರದಂತೆ, ಮೊದಲ ಮಹಡಿಯ ಮೊದಲ ಫಲಕದಿಂದಲೇ ಫೋನಿನಲ್ಲಿ ಅನುವಾದಿಸಿಕೊಂಡು ಓದತೊಡಗಿದೆ.

"ಅಪ್ಪಾ, ಇದನ್ನ ತಿರುಗಿಸ್ಲಾ?" ಮಗಳು ಯಂತ್ರವೊಂದರ ಹಿಡಿಕೆಗೆ ಕೈಹಾಕಿದಳು.

"ತಡಿ ಪುಟ್ಟಿ. ಇದರ ಉದ್ದೇಶ ಏನು, ಅದನ್ನ ಹೇಳು ಮೊದಲು."

"ತಿರುಗ್ಸೋದು!" ಎಂದಿನಂತೆ ಉತ್ತರ ಜಪಾನಿಯಲ್ಲಿ ಬಂತು.

ಅಷ್ಟರಲ್ಲಿ ಹಿಂದೆ ಮಕ್ಕಳ ಸಾಲು ಬೆಳೆದಿತ್ತು. ಇತರರಿಗೆ ತೊಂದರೆ ಕೊಡಬಾರದೆಂಬ ನಿಯಮವನ್ನು ನಾನು ಜಪಾನೀಯರಿಗಿಂತಲೂ ನಿಷ್ಠೆಯಿಂದ ಪಾಲಿಸುತ್ತೇನೆ. "ಸುಮಿಮಾಸೆನ್" ಎಂದು ಸೊಂಟ ಬಾಗಿಸಿ ಕ್ಷಮೆ ಕೇಳಿ, ಮಗಳ ಸರದಿಯನ್ನು ಇಡೀ ಸಾಲಿಗೆ ಧಾರೆಯೆರೆದೆ. ಪ್ರತಿ ಯಂತ್ರದೆದುರೂ ಇದೇ ಕ್ರಮ. ಹೀಗೆ ಎರಡು ಮಹಡಿಗಳನ್ನು ಅವಳು ಏನನ್ನೂ ಮುಟ್ಟದೆ ಯಶಸ್ವಿಯಾಗಿ ಮುಗಿಸಿದಳು.

ಹಿಮಕೋಣೆಯ ಬಾಗಿಲಿನಲ್ಲೂ ಒಂದು ಫಲಕವಿತ್ತು. ಅದನ್ನೂ ಪೂರ್ತಿ ಅನುವಾದಿಸಿದೆ: ಇಂದಿನ ಚೀಟಿಗಳು ಮುಗಿದಿವೆ. ಮಗಳು ಅಳಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಳು.

ಬೆಳಿಗ್ಗೆಯಿಂದ ನಮ್ಮ ಜೊತೆಗೇ ಇದ್ದ ನನ್ನ ಹೆಂಡತಿ ಕೈಚೀಲದಿಂದ ಚೀಟಿಗಳನ್ನು ತೆಗೆದಳು. "ಬೆಳಿಗ್ಗೆನೇ ತಗೊಂಡೆ. ನೀವಾಗ ಸ್ವಾಗತದ ಬೋರ್ಡ್ ಓದ್ತಿದ್ರಿ."

"ಎರಡೇ ಇದೆಯಲ್ಲೇ?"

"ನಿಮಗೆ ಥಿಯರಿ ಗೊತ್ತಲ್ಲ ರೀ. ಈ ಬ್ಯಾಗ್ ಹಿಡ್ಕೊಳ್ಳಿ."

ದಪ್ಪ ಕೋಟುಗಳೊಳಗೆ ಇಬ್ಬರೂ ಮಾಯವಾದರು. ಘನೀಕರಣವನ್ನು ಕುರಿತ ಫಲಕದ ಮುಂದೆ ನಾನು ಚೀಲಸಮೇತ ನಿಂತೆ.

ಮಗಳು ಓಡಿ ಹೊರಬಂದಳು. "ಅಪ್ಪಾ, ಮೂಗೊಳಗಿನ ಕೂದ್ಲು ಫ್ರೀಜ್ ಆಯ್ತು! ಉಸಿರು ಎಳ್ಕೊಂಡ್ರೆ ಚುಚ್ಚತ್ತೆ! ಅಮ್ಮ ಕಿರುಚಿದ್ಲು!"

ಫಲಕದಲ್ಲಿ ಈ ಅಂಶ ಇರಲಿಲ್ಲ. ನಾನು ಕನ್ನಡದಲ್ಲಿ ಏನು ಕೇಳಿದರೂ ಜಪಾನಿಯಲ್ಲಿ ಚುಟುಕಾಗಿ ಉತ್ತರಿಸುವ ಹುಡುಗಿ, ಅಂದು ಮನೆ ತಲುಪುವವರೆಗೂ ಮೂಗಿನ ವಿಚಾರವನ್ನು ಕನ್ನಡದಲ್ಲೇ ವಿವರಿಸಿದಳು. ಸುರಂಗ ರೈಲಿನಲ್ಲಿ ನಾಲ್ಕು ಜನ ತಿರುಗಿ ನೋಡಿದರು. ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಅಲ್ಲಿಂದೀಚೆಗೆ ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು: ಭಾನುವಾರ ಎಲ್ಲಿಗೆ ಹೋಗಬೇಕು, ಯಾವ ಮಹಡಿಯಿಂದ ಆರಂಭಿಸಬೇಕು ಎಂಬುದನ್ನು ಮಗಳು ನಿರ್ಧರಿಸುತ್ತಾಳೆ, ನಾನು ಅವಳ ಹಿಂದೆ ಹೋಗುತ್ತೇನೆ.