ಮುಂದಿನ ಬೋರ್ಡಿನ ಹಳದಿ ಬಳ್ಳಿ

ಶಾಹಿದಾ, ಆಯುಧಪೂಜೆಯ ದಿನ ನಿನ್ನ ಗಂಡ ಅನ್ವರ್‌ಗೆ ಗುದ್ದಿ ಹೋದ ಕಾರಿನ ಮುಂಭಾಗದಲ್ಲಿ ನೀನು ನೋಡಿದ್ದು ಚೆಂಡುಹೂವಿನ ಹಾರವಲ್ಲ. ನಂಬರ್ ಇರಬೇಕಾದ ಜಾಗದಲ್ಲಿ ನಾನು ಕೈಯಾರೆ ಬರೆದ ಹಳದಿ ಬಳ್ಳಿ ಅದು. ಕಾರು ಯಾರದೆಂದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಪೊಲೀಸರ ಮುಂದೆ ಹಾರ ಎಂದೆ. ನಾಲ್ಕು ವರ್ಷ ಅದನ್ನೇ ಹೇಳಿಕೊಂಡು ಬಂದೆ.

ಎದುರಿಗೆ ನಿಂತರೆ ಅರ್ಧ ಹೇಳಿ ಇನ್ನರ್ಧ ನುಂಗಿಬಿಡುತ್ತೇನೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಇಡುತ್ತೇನೆ. ನೀನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು, ದಿನಾ ಅನ್ವರ್‌ಗೆ ಪೇಪರ್ ಓದಿ ಹೇಳುವವಳು — ಇದನ್ನು ಓದಲು ನಿನಗೆ ಯಾರೂ ಬೇಕಾಗಿಲ್ಲ.

ನಾನು ಕುಣಿಗಲ್ಲಿನಲ್ಲಿ ಕಲಿತದ್ದು ಬಸ್ಸಿನ ಬೋರ್ಡು ಬರೆಯುವ ಕೆಲಸ. ಆಮೇಲೆ ತುಮಕೂರಿಗೆ ಬಂದು ಶೆಟ್ಟಿಹಳ್ಳಿಯಲ್ಲಿ ನಂಬರ್ ಪ್ಲೇಟು ಬರೆಯುವ ಅಂಗಡಿ ಇಟ್ಟೆ. ಪಕ್ಕದಲ್ಲಿ ನಿಮ್ಮ ಸೀಟ್ ಕವರ್ ಅಂಗಡಿ. ನಡುವೆ ಒಂದೇ ಗೋಡೆ. ನಿಮ್ಮ ಹೊಲಿಗೆ ಮಿಷನ್ನಿನ ಸದ್ದು ನನಗೆ, ನನ್ನ ಬಣ್ಣದ ವಾಸನೆ ನಿಮಗೆ. ಹೊಸ ಗಾಡಿಗಳಿಗೆಲ್ಲ ಕಂಪನಿಯ ಪ್ಲೇಟು ಬರತೊಡಗಿದ ಮೇಲೆ — ಉಬ್ಬು ಅಕ್ಷರ, ಹೊಳೆಯುವ ಮುದ್ರೆ, ಒಮ್ಮೆ ಹಾಕಿದರೆ ಬಿಚ್ಚಲು ಬಾರದ ರಿವಿಟ್ಟು — ನನ್ನ ಕುಂಚಕ್ಕೆ ಕೆಲಸ ಉಳಿಯಲಿಲ್ಲ. ಹಳೆಯ ಸ್ಕೂಟರ್‌ಗಳಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಇದ್ದೆ. ಇದು ನೆಪವಲ್ಲ. ಆಗ ಹೇಗಿದ್ದೆ ಎಂಬುದಷ್ಟೇ.

ಆ ವರ್ಷ ದಸರೆಗೆ ಒಂದು ತಿಂಗಳ ಮುಂಚೆ, ಗೂಳೂರಿನಲ್ಲಿ ನೆಂಟರ ಮದುವೆ ಎಂದು ನೀವು ಎರಡು ದಿನ ಅಂಗಡಿ ಮುಚ್ಚಿದ್ದಿರಿ. ಎರಡನೆಯ ದಿನ ಗುಬ್ಬಿ ಕಡೆಯ ಕೊಬ್ಬರಿ ವ್ಯಾಪಾರಿ ಜಯಣ್ಣ ಹೊಸ ಬಿಳಿ ಕಾರು ತಂದು ನನ್ನ ಬಾಗಿಲಿಗೆ ನಿಲ್ಲಿಸಿದ. ಮುಂದಿನ ಪ್ಲೇಟು ತೆಗೆದು ಅಲ್ಲಿ ಏನಾದರೂ ಚೆಂದದ್ದು ಬರೆದುಕೊಡಬೇಕು ಎಂದ. ಎರಡೂ ಕಡೆ ನಂಬರ್ ಇರಲೇಬೇಕು, ಅದು ಕಾನೂನು ಎಂದೆ. ಹೌದು, ನಾನೇ ಹೇಳಿದೆ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

"ಮುಂದ್ಗಡೆ ನಂಬರ್ ಯಾಕಪ್ಪ ರಂಗಣ್ಣ? ಹಿಂದೆ ಐತಲ್ಲ, ಸಾಕು," ಎಂದು ಅವನು ನಕ್ಕ. "ಮುಂದ್ಗಡೆ ಅನ್ನೋದು ಗಾಡಿ ಮುಖ ಕಣಪ್ಪ. ಮುಖದ್ ಮೇಲೆ ನಂಬರ್ ಬರ್ಕೊಂಡು ಓಡಾಡಕ್ಕೆ ನಾನೇನ್ ಜೈಲಲ್ಲಿದೀನಾ?"

"ಪೊಲೀಸ್ರು ಹಿಡಿದ್ರೆ?"

"ಹಿಡಿದ್ರೆ ನನ್ನ ಹಿಡೀತಾರೆ. ನಿನ್ ಬ್ರಶ್ಶನ್ನ ಹಿಡ್ಕೊಂಡ್ ಹೋಗಲ್ಲ ಬುಡು."

ನಾನೂ ನಕ್ಕೆ. ಡ್ರಿಲ್ ಹಿಡಿದು ರಿವಿಟ್ಟು ಕೊರೆದು ತೆಗೆದೆ. ಕಂಪನಿಯ ಪ್ಲೇಟನ್ನು ಅವನು ಡಿಕ್ಕಿಯಲ್ಲಿ ಹಾಕಿಕೊಂಡ. ಅದೇ ಅಳತೆಯ ಕಪ್ಪು ತಗಡಿನ ಮೇಲೆ ನಾನು ಹಳದಿ ಬಳ್ಳಿ ಬರೆದೆ. ಎಡದಿಂದ ಬಲಕ್ಕೆ ಏಳು ಹೂವು. ದುಡ್ಡಿಗಾಗಿ ಮಾಡಿದೆ ಎಂದರೆ ಅರ್ಧ ಸುಳ್ಳಾದೀತು. ಕುಂಚ ಹಿಡಿದು ಎಷ್ಟೋ ತಿಂಗಳಾಗಿತ್ತು, ಶಾಹಿದಾ. ಆ ಮಧ್ಯಾಹ್ನ ನನ್ನ ಕೈ ಒಮ್ಮೆಯೂ ನಡುಗಲಿಲ್ಲ. ಕಾರು ಹೋದ ಮೇಲೆ, ನೀವು ಅಂಗಡಿಯಲ್ಲಿದ್ದರೆ ಕರೆದು ತೋರಿಸಬಹುದಿತ್ತಲ್ಲ ಎಂದುಕೊಂಡೆ. ತೋರಿಸಿದ್ದರೆ —

ಆಯುಧಪೂಜೆಯ ದಿನ ಹೊತ್ತು ಸುಮಾರು ನಾಲ್ಕು ಗಂಟೆ. ನನ್ನ ಪೂಜೆ ಮುಗಿದಿತ್ತು. ಒಡೆದ ಬೂದುಗುಂಬಳದ ಹೋಳುಗಳನ್ನು ಕಾಲಿನಿಂದ ರಸ್ತೆಯ ಬದಿಗೆ ತಳ್ಳುತ್ತಿದ್ದೆ. ನೀನು ನಿಮ್ಮ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದೆ. ಅನ್ವರ್ ಎದುರಿನ ವೆಲ್ಡಿಂಗ್ ಅಂಗಡಿಯ ಪೂಜೆಗೆ ಹೋಗಿ, ಕೈಯಲ್ಲಿ ಕಡ್ಲೆಪುರಿಯ ಪೊಟ್ಟಣ ಹಿಡಿದು ರಸ್ತೆ ದಾಟಿ ಬರುತ್ತಿದ್ದ. "ಏನ್ ರಂಗಣ್ಣ, ರೋಡಿಗೂ ಪೂಜೆನಾ?" ಎಂದು ಅಲ್ಲಿಂದಲೇ ಕೂಗಿದ. ಅದು ಅವನು ಎರಡು ಕಾಲಿನ ಮೇಲೆ ನಿಂತು ನನಗೆ ಹೇಳಿದ ಕೊನೆಯ ಮಾತು.

ಕಾರು ಬಲಗಡೆಯಿಂದ ಬಂತು. ಎರಡೂ ಬದಿಗೆ ಬಾಳೆಕಂದು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ. ಹಾರ ಇದ್ದದ್ದು ಮೇಲೆ. ಅದರ ಕೆಳಗೆ ಬೋರ್ಡು ಪೂರ್ತಿ ಕಾಣುತ್ತಿತ್ತು. ಇದನ್ನು ಯಾರ ಮುಂದೆಯೂ ಹೇಳಿಲ್ಲ, ಈಗ ಹೇಳುತ್ತೇನೆ: ನಾನು ಅನ್ವರ್‌ನನ್ನು ನೋಡುವ ಮೊದಲು ಆ ಬಳ್ಳಿಯನ್ನು ನೋಡಿದೆ. ಬಿಸಿಲಿಗೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತಿದೆ ಎಂದುಕೊಂಡೆ. ಅರ್ಧ ಕ್ಷಣ. ಆಮೇಲೆ ಸದ್ದು.

ಕಾರು ನಿಲ್ಲಲಿಲ್ಲ. ಹಿಂದೆ ಕಟ್ಟಿದ್ದ ಬಾಳೆಎಲೆಗಳು ಹಿಂದಿನ ನಂಬರಿನ ಮೇಲೆ ಜೋತುಬಿದ್ದಿದ್ದವು; ಅದನ್ನು ಓದುವಷ್ಟು ಹೊತ್ತು ಯಾರೂ ಅತ್ತ ನೋಡಲೂ ಇಲ್ಲ. ಎಲ್ಲರೂ ಓಡಿದ್ದು ಅನ್ವರ್ ಬಿದ್ದ ಕಡೆಗೆ. ನೀನು ದುಪಟ್ಟಾ ಬಿಚ್ಚಿ ಅವನ ಕಾಲಿಗೆ ಬಿಗಿದೆ. ನಾನು ಅವನ ತಲೆ ಹಿಡಿದುಕೊಂಡೆ. ನಂಬರ್ ನೋಡಿದ್ರಾ, ನಂಬರ್ ನೋಡಿದ್ರಾ ಎಂದು ಯಾರೋ ಕೇಳುತ್ತಲೇ ಇದ್ದರು. ನಾನು ತಲೆ ಎತ್ತಲಿಲ್ಲ.

ಮೂರನೆಯ ದಿನ ಪೊಲೀಸರೊಬ್ಬರು ಅಂಗಡಿಗೆ ಬಂದದ್ದು ನಿನಗೆ ನೆನಪಿದೆ. ನೀನು ಮನೆಯಿಂದ ಆಸ್ಪತ್ರೆಗೆ ಬಟ್ಟೆ ಒಯ್ಯುತ್ತ ಅಲ್ಲಿಗೆ ಬಂದಿದ್ದೆ. ಬೀದಿಯ ಯಾವುದೋ ಕ್ಯಾಮೆರಾದಲ್ಲಿ ಕಾರಿನ ಮುಂಭಾಗ ಮಾತ್ರ ಸಿಕ್ಕಿತ್ತು, ಅದೂ ಮಸುಕು. ಬಿಳಿಯ ಮೇಲೆ ಕಪ್ಪು, ಕಪ್ಪಿನ ಮೇಲೆ ಒಂದು ಹಳದಿ ಗೆರೆ. ಅವರು ಮೊಬೈಲನ್ನು ನನ್ನ ಕೈಗೇ ಕೊಟ್ಟರು.

"ಈಯಮ್ಮ ಬಳ್ಳಿ ಚಿತ್ತಾರ ಅಂತಾರೆ. ನಮ್ಗೆ ಹಾರ ಅನ್ಸುತ್ತೆ. ನೀವು ಪ್ಲೇಟ್ ಬರೆಯೋರು, ನೀವೇ ನೋಡಿ ಹೇಳಿ."

ಬಳ್ಳಿ ಎಂದಿದ್ದರೆ ಸಾಕಿತ್ತು. ಅಂಥ ಬೋರ್ಡು ಬರೆಯುವವರು ಯಾರು ಎಂದು ಅವರು ಕೇಳುತ್ತಿದ್ದರು. ತುಮಕೂರು, ಗುಬ್ಬಿ ಎಲ್ಲ ಸುತ್ತಿದರೂ ಕೈಯಲ್ಲಿ ಬರೆಯುವವರು ನಾಲ್ಕೈದು ಜನ. ನಾನು ಮೊಬೈಲನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ತುಂಬ ಯೋಚಿಸಿದವನ ಹಾಗೆ ನೋಡಿದೆ.

"ಹಾರ ಸಾರ್. ಪ್ಲೇಟ್ ಅದರ ಹಿಂದೆ ಮುಚ್ಚೋಗಿದೆ."

"ಇಲ್ಲ ಅಣ್ಣ," ಎಂದೆ ನೀನು. ಬಟ್ಟೆಯ ಚೀಲವನ್ನು ಕೆಳಗಿಟ್ಟೆ. "ನಾನ್ ನೋಡ್ದೆ. ಬರ್ದಿರೋ ಹೂವು ಅದು. ಹಾರ ಆಗಿದ್ರೆ ಗಾಳಿಗೆ ಅಲ್ಲಾಡ್ತಿತ್ತು."

ಇಷ್ಟು ಸರಿಯಾಗಿ ನೋಡಿದ ಸಾಕ್ಷಿ ಇನ್ನೊಬ್ಬರಿರಲಿಲ್ಲ, ಶಾಹಿದಾ. ನಾನು ನಿನ್ನ ಮುಖ ನೋಡಿಯೇ ಹೇಳಿದೆ: "ಗಾಬರೀಲಿ ಹಂಗೆ ಕಾಣುತ್ತೆ ಕಣಮ್ಮ."

"ಪ್ಲೇಟ್ ಬರೆಯೋರೇ ಹೇಳಿದ್ಮೇಲೆ ಇನ್ನೇನಮ್ಮ," ಎಂದು ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಆಯುಧಪೂಜೆಯ ದಿನ ಊರಿನ ಪ್ರತಿಯೊಂದು ಕಾರಿಗೂ ಹಾರ ಇರುತ್ತದೆ. ನನ್ನ ಮಾತನ್ನು ನಂಬದಿರಲು ಯಾರಿಗೂ ಕಾರಣವಿರಲಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ಹತ್ತು ದಿನ ಕಳೆದ ಮೇಲೆ ಜಯಣ್ಣ ಫೋನ್ ಮಾಡಿದ. ರಂಗಣ್ಣ ಎನ್ನುತ್ತಿದ್ದವನು ಆಗ ರಂಗ ಎಂದ. "ಏನ್ಲಾ ರಂಗ, ಅದು ನಿನ್ ಕೈ ಬರ್ದಿರೋದು ಕಣ್ಲಾ. ನಾನ್ ಒಳಕ್ಕೋದ್ರೆ ನೀನೂ ಬರ್ತೀಯ." ಕಾರನ್ನು ಕುಣಿಗಲ್ ಹತ್ತಿರ ಅವನ ಷಡ್ಡಕನ ತೋಟದ ಶೆಡ್ಡಿನಲ್ಲಿ ನಿಲ್ಲಿಸಿದ್ದ. ನಾನು ಡ್ರಿಲ್ಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಆ ಬೆಳಿಗ್ಗೆ ನೀನು ಎಲ್ಲಿಗಣ್ಣ ಎಂದು ಕೇಳಿದ್ದೆ. ನಾನು ಅಕ್ಕನ ಮನೆಗೆ ಎಂದಿದ್ದೆ. ಬೋರ್ಡಿನ ಬಲ ಮೂಲೆ ಒಳಕ್ಕೆ ಮಡಚಿಕೊಂಡಿತ್ತು. ಕೊನೆಯ ಹೂವಿನ ಮೇಲೆ ಬಣ್ಣ ಎದ್ದಿತ್ತು. ಅದನ್ನು ತೆಗೆದು ಕಂಪನಿಯ ಪ್ಲೇಟನ್ನು ಮತ್ತೆ ಕೂರಿಸಿದೆ. ಬಾಗಿದ್ದ ಬಂಪರನ್ನು ಮೊದಲೇ ಬದಲಾಯಿಸಿದ್ದರು. ಈಗ ಕಾರಿಗೆ ಮುಂದೆಯೂ ಹಿಂದೆಯೂ ನಂಬರ್ ಇತ್ತು, ಕಾನೂನಿನ ಪ್ರಕಾರ.

"ಅದನ್ನ ಎಲ್ಲಾದ್ರೂ ಎಸ್ದುಬುಡು," ಎಂದ. ನಾನು ಎಸೆಯಲಿಲ್ಲ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ದಿನ ಬೇಕಾಗುತ್ತದೆ ಎಂದು ಉಳಿಸಿದೆ ಎಂದರೆ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಂಡಂತೆ. ನನ್ನ ಕೈಯ ಕೆಲಸವನ್ನು ಹಾಳುಮಾಡಲು ಮನಸ್ಸು ಬರಲಿಲ್ಲ ಎಂದರೆ — ಅದೇ ನಿಜವಿರಬೇಕು. ಇಷ್ಟು ದಿನ ಅದು ನನ್ನ ಅಂಗಡಿಯ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ನಿನ್ನ ಮಿಷನ್ ಇರುವ ಗೋಡೆಯ ಈಚೆ ಬದಿಗೆ.

ವಾಹನ ಪತ್ತೆಯಾಗಲಿಲ್ಲ ಎಂದು ಕೇಸು ಮುಚ್ಚಿದರು. ಅನ್ವರ್‌ನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮಿಷನ್ನನ್ನು ನೀನು ತುಳಿಯತೊಡಗಿದೆ. ನಾಲ್ಕು ವರ್ಷ ನಾನು ಆ ಸದ್ದು ಕೇಳಿಕೊಂಡು ಕೂತಿದ್ದೇನೆ. ಅದು ನಿಂತಾಗ ಅದಕ್ಕಿಂತ ಹೆಚ್ಚು ಕೇಳಿಸುತ್ತದೆ.

ಆದರೆ ಕಾಲು ಹೋದದ್ದು ಜಯಣ್ಣನಿಂದ. ನನ್ನಿಂದಲೇ ಹೋದದ್ದು ಬೇರೆ, ಅದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಮೊದಲು ನೀನು ರೆಕ್ಸಿನ್ ಹಾಸಿ, ಸೀಟನ್ನು ಒಮ್ಮೆ ನೋಡಿ, ಟೇಪು ಮುಟ್ಟದೆ ಕತ್ತರಿ ಹಾಕುತ್ತಿದ್ದೆ. ಈಗ ಮೂರು ಸಲ ಅಳೆಯುತ್ತೀಯ. ಅಳೆದು ಅನ್ವರ್‌ಗೆ ತೋರಿಸಿ, ಸರಿಯಿದೆಯಾ ಎಂದು ಕೇಳುತ್ತೀಯ. "ನೀನ್ ಏನೋ ಕನಸು ಕಂಡೆ ಕಣೇ, ಬುಡು ಅದನ್ನ," ಎಂದು ಅವನು ನಿನ್ನ ಮೇಲೆ ರೇಗಿದ್ದು ಗೋಡೆಯ ಈಚೆ ನನಗೆ ಕೇಳಿಸಿತ್ತು. ಮೊದಲ ವರ್ಷದ ಆಯುಧಪೂಜೆಗೆ ನೀನು ಬಂದು ಕೇಳಿದೆ: "ಅಣ್ಣ, ಅದು ಹಾರಾನೇನಾ?" ಹಾರಾನೇ ಕಣಮ್ಮ ಎಂದೆ. ಎರಡನೆಯ ವರ್ಷವೂ ಕೇಳಿದೆ. ಮೂರನೆಯ ವರ್ಷ ಕೇಳಲಿಲ್ಲ. ಕಡ್ಲೆಪುರಿ ತೆಗೆದುಕೊಂಡು ತಲೆ ತಗ್ಗಿಸಿ ಹೋದೆ. ಆ ದಿನವೂ ನಾನು ಬಾಯಿ ಬಿಡಲಿಲ್ಲ. ಇನ್ನು ಕೇಳುವುದಿಲ್ಲ ಎಂಬ ಸಮಾಧಾನವೂ ಒಳಗೆ ಎಲ್ಲೋ ಇತ್ತು. ಅದನ್ನೂ ಬರೆದಿಡಬೇಕು.

ಕಳೆದ ವಾರ ನೀನು ಅನ್ವರ್‌ಗೆಂದು ಹಿಂದೆ ಎರಡು ಚಕ್ರ ಹೆಚ್ಚಿಗೆ ಇರುವ ಹಳೆಯ ಸ್ಕೂಟರ್ ತಂದೆ. ಪ್ಲೇಟು ಹಾಕಿಕೊಡಲು ನನ್ನ ಹತ್ತಿರವೇ ಬಂದೆ. ನಾನು ಹಿಂದಿನದನ್ನು ಹಾಕಿ ಮುಂದಕ್ಕೆ ಬಂದಾಗ ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಮುಂದಿಂದು ಗಟ್ಟಿಯಾಗಿ ಹಾಕಣ್ಣ. ನನ್ ಕಣ್ಣು ನಂಬಕ್ಕಾಗಲ್ಲ. ಬೇರೆಯವ್ರಿಗಾದ್ರೂ ಸರಿಯಾಗಿ ಕಾಣ್ಲಿ."

ದೂರುವಂತೆ ಹೇಳಲಿಲ್ಲ ನೀನು. ಮಳೆ ಬರುವ ಹಾಗಿದೆ ಎನ್ನುವಷ್ಟು ಸಹಜವಾಗಿ ಹೇಳಿದೆ. ಸ್ಕ್ರೂ ನನ್ನ ಕೈಯಿಂದ ಜಾರಿತು. ನೀನೇ ಹುಡುಕಿ ಎತ್ತಿಕೊಟ್ಟೆ.

ಜಯಣ್ಣ ಈಗಲೂ ಅದೇ ಕಾರಿನಲ್ಲಿ ಗುಬ್ಬಿಗೂ ತುಮಕೂರಿಗೂ ಓಡಾಡುತ್ತಾನೆ. ಕಾರಿನ ನಂಬರನ್ನು ಇದೇ ಹಾಳೆಯ ಹಿಂಬದಿಗೆ ಬರೆದಿದ್ದೇನೆ, ಅವನ ಪೂರ್ತಿ ಹೆಸರು, ಶೆಡ್ಡು ಇರುವ ಜಾಗ, ಪ್ಲೇಟು ಬಿಚ್ಚಿದ ದಿನ, ಮತ್ತೆ ಹಾಕಿದ ದಿನ. ಬೋರ್ಡನ್ನು ಅಟ್ಟದಿಂದ ಇಳಿಸಿದ್ದೇನೆ. ನಾಳೆ ಬೆಳಿಗ್ಗೆ ಅಂಗಡಿ ತೆರೆಯದೆ ಠಾಣೆಗೆ ಹೋಗುತ್ತೇನೆ. ನೀನು ಬರುವುದು ಬಿಡುವುದು ನಿನಗೆ ಸೇರಿದ್ದು. ಬಾರದಿದ್ದರೂ ನಾನು ಹೋಗುತ್ತೇನೆ. ಅವರು ಮೊದಲು ಬಳ್ಳಿ ಬರೆದ ಈ ಕೈಯನ್ನೇ ಹಿಡಿಯಲಿ. ಈ ಕಾಗದ ನಿನ್ನ ಹತ್ತಿರವೇ ಇರಲಿ, ಅಲ್ಲಿ ನಾನು ಮಾತು ತಪ್ಪಿದರೆ ಬೇಕಾಗುತ್ತದೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ.

ಠಾಣೆಗೆ ಹೋಗುವ ಮೊದಲು ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಹೊರಗೇ ನಿಂತು, ಒಳಗಿರುವ ಅನ್ವರ್‌ಗೆ ಕೇಳಿಸುವ ಹಾಗೆ ಹೇಳುತ್ತೇನೆ: ನಿನ್ನ ಹೆಂಡತಿ ಸರಿಯಾಗಿ ನೋಡಿದ್ದಳು.