ಹೊಸ್ತಿಲ ಕೆಳಗಿನ ಸ್ವಿಚ್ಚು

ನಮ್ಮಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಾಗ ವೈರಮನ್ ಆಗಿದ್ದ. ಒಮ್ಮೆ ಬಳ್ಳಾರಿಗೆ ಹೋದಾಗ ಅಂಗಡಿಯಾಗ ಫ್ರಿಜ್ ನೋಡಿ ಬಂದ. ತಣ್ಣೀರು, ಬರ್ಫು ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. "ಬಾಗಲ ತೆಗದ್ರ ದೀಪ ತಾನ ಹತ್ತತೈತಿ, ಮುಚ್ಚಿದ್ರ ಆರತೈತಿ! ಯಾರೂ ಸ್ವಿಚ್ ಮುಟ್ಟಂಗಿಲ್ಲ!" ದಿನಾ ಅದ ಹಾಡು.

"ಮೊದ್ಲು ಬಚ್ಚಲಕ್ಕ ಒಂದು ಬಲ್ಬ್ ಹಾಕ್ರಿ" ಅಂದ್ಲು ಅವ್ವ. ಯಾರು ಕೇಳ್ತಾರ?

ಅದ ಹೊತ್ತಿಗೆ ಕುರುಗೋಡಿನಿಂದ ನನ್ನ ನೋಡಾಕ ಬರೋರಿದ್ರು. ಹುಡುಗ ಸಾಲಿ ಮಾಸ್ತರ, ಒಳ್ಳೆ ಸಂಬಂಧ. ಅಪ್ಪಗ ಹುರುಪೋ ಹುರುಪು. ಅವರು ಬರೋ ದಿನ ಮಧ್ಯಾಹ್ನ ಹೊಸ್ತಿಲ ಹಲಗಿ ಎಬ್ಬಿಸಿ, ಕೆಳಗ ಸ್ಪ್ರಿಂಗಿನ ಸ್ವಿಚ್ ಕೂಡ್ರಿಸಿ, ಪಡಸಾಲಿ ಬಲ್ಬಿಗೆ ತಂತಿ ಎಳದ. ಗ್ವಾಡಿ ಮ್ಯಾಲಿನ ಸ್ವಿಚ್ ಇನ್ಯಾಕ ಅಂತ ಅದನ್ನೂ ಕಿತ್ತ. ಕೈಲೆ ಒತ್ತಿ ಒತ್ತಿ ನೋಡಿದ. ಒತ್ತಿದ್ರ ಹತ್ತಿತು, ಬಿಟ್ರ ಆರಿತು, ಮತ್ತ ಒತ್ತಿದ್ರ ಹತ್ತಿತು. "ಮನಿಯೊಳಗ ಕಾಲಿಟ್ಟ ಕೂಡ್ಲೆ ಬೆಳಕು! ಬೀಗರು ಮೂಗಿನ ಮ್ಯಾಲ ಬೆರಳಿಡಬೇಕು" ಅಂದ. ಅವ್ವ ಗೊಣಗಿಕೋತ ಹೊಸ್ತಿಲ ತೊಳದು, ಹಸಿ ಅರಿಶಿಣ ಬಳದು, ಕುಂಕುಮ ಇಟ್ಲು.

ಬಸ್ ತಡಾ ಆಗಿ ಅವರು ಬರೋದ್ರಾಗ ಹೊತ್ತು ಮುಳುಗಿತ್ತು. ಅಪ್ಪ ಬಾಗಲದಾಗ ನಿಂತು "ಬರ್ರಿ, ಬರ್ರಿ" ಅಂದ. ಹುಡುಗನ ತಂದಿ ಹೊಸ್ತಿಲ ದಾಟಿದ್ರು. ಕತ್ತಲು. ಹುಡುಗ ದಾಟಿದ. ಕತ್ತಲು. ಅವನ ಸೋದರತ್ತಿ ಬಗ್ಗಿ ಹೊಸ್ತಿಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಸೀರಿ ನೆರಿಗಿ ಎತ್ತಿ ದಾಟಿದ್ರು. ಅಯ್ಯೋ ಶಿವನ, ಹೊಸ್ತಿಲ ಯಾರು ತುಳೀತಾರ? ಲಕ್ಷ್ಮಿ ಇರೋ ಜಾಗ ಅಂತ ಬೈಸಿಕೊಂಡ ಬೆಳದೀವಿ. ಅಪ್ಪಾನೂ ಜಲ್ಮದಾಗ ತುಳದೋನಲ್ಲ, ಅದಕ್ಕ ಕೈಲೆ ಒತ್ತಿ ನೋಡಿದ್ದ!

ಯಾರೋ ಚೊಂಬು ಎಡವಿದ್ರು. ಅಪ್ಪ ತೊದಲಿಕೋತ, "ಒಂಚೂರು... ಹೊಸ್ತಿಲ ತುಳೀರಿ" ಅಂದುಬಿಟ್ಟ. ಬೀಗರಾಗೋರಿಗೆ! ಅಡುಗಿ ಮನಿಯಾಗ ಅವಲಕ್ಕಿ ತಟ್ಟಿ ಹಿಡಕೊಂಡು ನಿಂತಿದ್ದೆ ನಾನು. ಭೂಮಿ ಬಾಯಿ ಬಿಟ್ರ ಹೋಗಿಬಿಡ್ತಿದ್ದೆ, ಅಷ್ಟು ನಾಚಿಕಿ.

ಫಕ್ಕನ ದೀಪ ಹತ್ತಿತು. ನೋಡಿದ್ರ ಅವ್ವ ಹೊಸ್ತಿಲ ಮ್ಯಾಲ ನಿಂತಾಳ.

ಇಳದ್ರ ಆರತೈತಿ ಅಂತ ಆಕಿಗೆ ಗೊತ್ತಿತ್ತು. ನಾನು ಅವಲಕ್ಕಿ ಕೊಟ್ಟೆ, ಚಾ ಕೊಟ್ಟೆ, ಕೇಳಿದ್ದಕ್ಕ ಉತ್ತರ ಹೇಳಿದೆ, ಅಷ್ಟೂ ಹೊತ್ತು ಆಕಿ ಚೌಕಟ್ಟು ಹಿಡಕೊಂಡು ನಿಂತಾಳ. "ಬರ್ರಿ, ಕೂಡ್ರರಿ" ಅಂದ್ರು ಸೋದರತ್ತಿ. "ಇಲ್ಲೇ ಗಾಳಿ ಚೊಲೋ ಐತ್ರಿ" ಅಂದ್ಲು. ಅಪ್ಪ ತನ್ನ ಚಾ ಮುಟ್ಟಲೇ ಇಲ್ಲ.

ಹೊರಡೋ ಮುಂದ ಕುಂಕುಮ ಕೊಡಾಕ ಅವ್ವ ಇಳಿಯಲೇಬೇಕಾತು. ದೀಪ ಆರಿತು, ಕರೆಂಟ್ ಹೋತು ಅಂತ ತಿಳದ್ರು ಬಂದೋರು, ನಾನು ಕಂದೀಲು ತಂದೆ. ಆಕಿ ನಡದ ಕಡಿಯೆಲ್ಲ ಹಳದಿ ಹೆಜ್ಜಿ. ಸೋದರತ್ತಿ ಅದನ್ನ ನೋಡಿ, "ನಿಮ್ಮ ಮನಿಯಾಗ ಹೊಸ್ತಿಲ ತುಳಿಯೋ ರೂಢಿ ಐತೇನ್ರಿ?" ಅಂದ್ರು.

ಅಪ್ಪ ಗ್ವಾಡಿ ಕಡೆ ಮಾರಿ ತಿರುವಿದ. ನಾನು ಕಂದೀಲಿನ ಬತ್ತಿ ಸಣ್ಣ ಮಾಡಿದೆ.

"ನಂದೊಂದು ಕೆಟ್ಟ ರೂಢಿ ರೀ. ಮಗಳಿಗೆ ಕಲಿಸಿಲ್ಲ" ಅಂದ್ಲು ಅವ್ವ.

ಸಂಬಂಧ ಕೂಡಿತು. ಅಪ್ಪ ಸ್ವಿಚ್ ಕಿತ್ತು ಎಲ್ಲಿ ಒಗದನೋ. ಮದುವಿ ಆದಮ್ಯಾಲ ಅವ್ವ, ಅಪ್ಪ ಮೊದಲ ಸಲ ಕುರುಗೋಡಿಗೆ ಬಂದಾಗ ಸೋದರತ್ತಿ ಬಾಗಲ ಒಳಗ ನಿಂತಿದ್ರು. ಕಣ್ಣು ಮಾತ್ರ ಅವ್ವನ ಕಾಲ ಮ್ಯಾಲ. ಅವ್ವ ಬಗ್ಗಿ ಹೊಸ್ತಿಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಮೆಲ್ಲಕ ದಾಟಿದ್ಲು.

"ನೋಡವಾ, ನಮ್ಮ ಮನಿಗೆ ಬಂದು ಕಲ್ತ್ರು ನಿಮ್ಮವ್ವ" ಅಂತ ನಕ್ಕರು ಸೋದರತ್ತಿ.

ಅವ್ವಾನೂ ನಕ್ಕಳು. ಹೊರಗ ಅಪ್ಪ ಚಪ್ಪಲಿ ಬಿಡಾಕ ಬಗ್ಗಿದಾಂವ ಎಷ್ಟೊತ್ತಾದ್ರೂ ತಲಿ ಎತ್ತಲಿಲ್ಲ. ನಾನು ಅವ್ವಗ ಕಾಲಿಗೆ ನೀರು ಕೊಟ್ಟೆ.