ಕತ್ತರಿಸಿ ಕೊಟ್ಟ ಪುಟ

ಎರಡು ಸಾವಿರದ ಐದಾರರ ಹೊತ್ತಿಗೆ ಅಮೆರಿಕದ ಫ್ಯಾಕ್ಟೋರಿಯಾ ಎಂಬ ಊರಿನ ಆಫೀಸಿನಲ್ಲಿ ನನಗೊಬ್ಬ ಅಮೆರಿಕನ್ ಮ್ಯಾನೇಜರ್ ಇದ್ದರು. ಬಲು ಒಳ್ಳೆಯ ಮನುಷ್ಯ, ತೊಂದರೆಯಾದದ್ದೇ ಅದರಿಂದ. ಒಮ್ಮೆ ಮಿಲ್ ಕ್ರೀಕಿನ ನಮ್ಮ ಮನೆಗೆ ಊಟಕ್ಕೆ ಬಂದವರು ಒಂದೇ ಹೋಳಿಗೆಗೆ ಸಾಕೆಂದರು. ನಮ್ಮೆಜಮಾನರು ಬಿಡಬೇಕಲ್ಲ! "ನಮ್ಮಲ್ಲಿ ಬೇಡ ಅನ್ನೋದು ಬರೀ ಮರ್ಯಾದೆಗೆ. ಎರಡು ಸಲ ಬೇಡ ಅಂದ್ರೂ ಬಡಿಸ್ತಾನೇ ಇರ್ಬೇಕು" ಎಂದು ಅವರಿಗೆ ಇಂಗ್ಲಿಷಿನಲ್ಲಿ ಪಾಠ ಹೇಳಿ ಇನ್ನೆರಡು ಹಾಕಿದರು. ಆ ಪಾಠ ಮ್ಯಾನೇಜರಿಗೆ ತುಂಬಾ ಹಿಡಿಸಿತು.

ಆಮೇಲೆ ಅವರು ನಮ್ಮನ್ನು ಇಸ್ಸಾಕ್ವಾದ ತಮ್ಮ ಮನೆಗೆ ಕರೆದರು. ಊಟವಾದ ಮೇಲೆ, ಅಜ್ಜಿಯಿಂದ ಬಂದದ್ದೆಂದು ಒಂದು ಪುಟ್ಟ ಪುಸ್ತಕ ತಂದು ನನ್ನ ಕೈಯಲ್ಲಿಟ್ಟರು. ಕ್ರೈಸ್ತರ ಪ್ರಾರ್ಥನೆಯ ಪುಸ್ತಕ, ನೂರಾರು ವರ್ಷಗಳ ಹಿಂದೆ ಯಾರೋ ಕೈಯಲ್ಲೇ ಬರೆದದ್ದು. ಒಂದು ಪುಟದಲ್ಲಿ ನೀಲಿ ಸೆರಗಿನ ತಾಯಿ, ಮಡಿಲಲ್ಲಿ ಮಗು, ಸುತ್ತ ಬಂಗಾರದ ಬಳ್ಳಿ, ಬಳ್ಳಿಯ ಮೇಲೊಂದು ಬಸವನಹುಳು. ಪುಟವನ್ನು ಓರೆ ಮಾಡಿದರೆ ಬಂಗಾರ ಮಿನುಗುತ್ತಿತ್ತು. ಒಂದಕ್ಷರವೂ ತಿಳಿಯದಿದ್ದರೂ ದೇವರ ಪುಸ್ತಕವಲ್ಲವೇ, ಕಣ್ಣಿಗೊತ್ತಿಕೊಂಡೆ. ಹಾಳೆಗಳು ಕರುವಿನ ಚರ್ಮದವು ಎಂದು ಅವರು ಹೇಳಿದ್ದು ಆಮೇಲೆ! ಇರಲಿ, ಒತ್ತಿಕೊಂಡದ್ದಾಗಿತ್ತು.

ನಾನು ಆ ಕೆಲಸ ಬಿಟ್ಟ ದಿನ ಎಲ್ಲರೆದುರು ಅವರೊಂದು ಉಡುಗೊರೆ ಕೊಟ್ಟರು. ಬಿಚ್ಚಿದೆ. ಗಾಜು ಹಾಕಿದ ಫ್ರೇಮಿನೊಳಗೆ ಅದೇ ತಾಯಿ, ಅದೇ ಬಸವನಹುಳು. ಫೋಟೊ ತೆಗೆಸಿದ್ದಾರೆ ಎಂದುಕೊಂಡು ಹಿಗ್ಗಿದೆ. ಸ್ವಲ್ಪ ಓರೆ ಮಾಡಿದೆ. ಬಂಗಾರ ಮಿನುಗಿತು. ಫೋಟೊದಲ್ಲಿ ಬಂಗಾರ ಹೀಗೆ ಮಿನುಗುತ್ತದೆಯೇ?

"ನಿಜವಾದದ್ದೇ. ನಾನೇ ಬ್ಲೇಡಿನಿಂದ ನೀಟಾಗಿ ಕಟ್ ಮಾಡಿದೆ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಯುದ್ಧ, ಬೆಂಕಿ, ಇಲಿ, ಎಲ್ಲವನ್ನೂ ದಾಟಿ ಇಡಿಯಾಗಿ ಬಂದಿದ್ದ ಪುಸ್ತಕ, ನಾನು ಕಣ್ಣಿಗೊತ್ತಿಕೊಂಡೆ ಅನ್ನುವ ಕಾರಣಕ್ಕೆ ಹಾಳಾಯಿತೇ? ಬೈಯೋಣವೆಂದರೆ ಆ ಮನುಷ್ಯನ ಮುಖದ ತುಂಬ ಪ್ರೀತಿ.

"ಬೇಡ, ದಯವಿಟ್ಟು ಬೇಡ. ಇದನ್ನ ವಾಪಸ್ ಪುಸ್ತಕಕ್ಕೇ ಸೇರಿಸಿ" ಎಂದೆ.

ಅವರು ನಗುತ್ತಾ ಬೆರಳೆತ್ತಿದರು. "ಒಂದು!"

"ಇಲ್ಲ, ನಿಜವಾಗ್ಲೂ ಬೇಡ."

"ಎರಡು! ನಿಮ್ಮ ಪದ್ಧತಿ ನನಗೆ ಗೊತ್ತಲ್ಲ. ಇದರ ಎದುರಿನ ಪುಟಾನೂ ಚೆನ್ನಾಗಿದೆ. ನಾಳೆ ಅದನ್ನೂ ಕಟ್ ಮಾಡಿ ಕೊಡ್ತೀನಿ."

ಬಾಯಿಗೆ ಬಂದಿದ್ದ ಮೂರನೆಯ 'ಬೇಡ'ವನ್ನು ನುಂಗಿಕೊಂಡೆ. ಊಟದೆಲೆಗೆ ಅಡ್ಡ ಹಿಡಿಯುವ ಹಾಗೆ ಆ ಗಾಜಿನ ಮೇಲೆ ಎರಡೂ ಕೈ ಹರಡಿ, "ಇದೊಂದೇ ಸಾಕು, ಹೊಟ್ಟೆ ತುಂಬಿತು" ಎಂದೆ.